ಅರಿಶಿನದ ಕೊಂಬು ಬರುವವರೆಗೆ

ನನ್ನ ಸಾವಿತ್ರಿಯ ಉಸಿರನ್ನು ಇಂದಿಗೂ ನಡೆಸುತ್ತಿರುವ ಶ್ರೀಹರಿಗೆ ಮೊದಲು ಕೃತಜ್ಞತೆಯ ನಮಸ್ಕಾರ. ಅವನ ಸಾಕ್ಷಿಯಾಗಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಕಲ್ಪನೆಯಲ್ಲ.

ನಾವು ಅಬುಧಾಬಿಯಲ್ಲಿರುವ ಮಗ ರಾಘವನ ಮನೆಗೆ ಬಂದಿದ್ದೆವು. ಸಂಜೆ ದೇವರಿಗೆ ದೀಪ ಹಚ್ಚುತ್ತಿದ್ದ ಸಾವಿತ್ರಿ ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತಸ್ರಾವ, ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕು, ಗಂಡನ ಒಪ್ಪಿಗೆ ಬೇಕು ಎಂದರು ಆಸ್ಪತ್ರೆಯ ವೈದ್ಯರು.

ಬಂಟ್ವಾಳ ಕಡೆಯ ನರ್ಸ್ ಜೊಹರಾ ಮೆಲ್ಲನೆ ಹೇಳಿದಳು: "ಅಜ್ಜ, ಕುತ್ತಿಗೆಯ ಕರಿಮಣಿ ಸರ ತೆಗಿಬೇಕು."

ನಾನು ಬದುಕಿರುವಾಗ ಅವಳ ಕೊರಳು ಬರಿದಾಗುವುದೇ? ಮಾಂಗಲ್ಯ ತೆಗೆಯುವ ಮೊದಲು ಅರಿಶಿನದ ಕೊಂಬನ್ನು ದಾರದಲ್ಲಿ ಕಟ್ಟುವುದು ನಮ್ಮ ಮನೆತನದ ಪದ್ಧತಿ. ಅಲ್ ಐನ್ ಊರಿಗೆ ಹೋಗಿದ್ದ ಸೊಸೆ ಸುದ್ದಿ ತಿಳಿದು ಹೊರಟಿದ್ದಳು; ಬರುವಾಗ ಅದನ್ನು ತರಲು ಹೇಳಿಸಿದೆ.

"ಅವಳು ಬರಲಿ. ಆಮೇಲೆ ಸಹಿ ಹಾಕುತ್ತೇನೆ."

"ಅಪ್ಪ, ಅಮ್ಮ ಉಳಿದ್ರೆ ತಾನೆ ಮಾಂಗಲ್ಯ?" ರಾಘವನ ಧ್ವನಿ ಒಡೆಯಿತು. "ಎಂತ ಹಠ ಮಾರಾಯ್ರೆ ನಿಮ್ಮದು!"

ಹೆಂಡತಿಗೆ ಫೋನ್ ಮಾಡಲು ಅವನು ಕೆಳಗಿಳಿದು ಹೋದ. ಉದ್ದನೆಯ ಹಜಾರದಲ್ಲಿ ನಾನೊಬ್ಬನೇ... ಗೋಡೆಯಾಚೆ ಯಂತ್ರವೊಂದರ ಕೀಚಲು ಸದ್ದು. ಸ್ಪಿರಿಟ್ಟಿನ ವಾಸನೆ.

ಕಣ್ಣು ಮುಚ್ಚಿ ಜಪ ಮಾಡುತ್ತಿದ್ದೆ. ಸ್ಪಿರಿಟ್ಟಿನ ವಾಸನೆ ನಿಧಾನವಾಗಿ ಅಡಗಿತು... ಅದರ ಬದಲಿಗೆ ಆಗತಾನೇ ತೇಯ್ದ ಹಸಿ ಅರಿಶಿನದ ಪರಿಮಳ. ಸೊಸೆ ಬಂದಳೆಂದು ಕಣ್ಣು ತೆರೆದೆ.

ಯಾರೂ ಇರಲಿಲ್ಲ.

ಮಡಿಲಲ್ಲಿ ಏನೋ ಭಾರ. ಉತ್ತರೀಯದ ಮಡಿಕೆ ಬಿಡಿಸಿದೆ.

ಕರಿಮಣಿ ಸರ. ಬೆಚ್ಚಗಿತ್ತು... ಕೊರಳಿನಿಂದ ಈಗಷ್ಟೇ ಇಳಿದಂತೆ. ಕೊಂಡಿ ಹಾಕಿದಂತೆಯೇ ಇತ್ತು. ತಲೆಯ ಮೇಲಿಂದ ತೆಗೆಯುವಷ್ಟು ಉದ್ದದ ಸರವೂ ಅದಲ್ಲ.

ಅಷ್ಟರಲ್ಲಿ ಜೊಹರಾ ಓಡಿಬಂದಳು. "ಅಜ್ಜ, ಸರ ತೆಗ್ದದ್ದು ಯಾರು? ನಾನು ಮಂಚದ ಹತ್ರವೇ ಇದ್ದೆ, ಯಾರೂ ಒಳಗೆ ಬರ್ಲಿಲ್ಲ..." ನನ್ನ ಕೈಯನ್ನು ನೋಡಿದವಳು ಗೋಡೆಗೆ ಒರಗಿದಳು. "ಯಾ ಅಲ್ಲಾಹ್!"

ಕೂಡಲೇ ಸಹಿ ಹಾಕಿದೆ. ಸೊಸೆ ಇನ್ನೂ ದಾರಿಯಲ್ಲಿದ್ದಳು.

ಸಾವಿತ್ರಿ ಉಳಿದಳು. ಬಲಗೈ ಮತ್ತು ಮಾತು ಮಾತ್ರ ಮರಳಲಿಲ್ಲ. "ಸ್ವಲ್ಪ ಮೊದಲೇ ಆಗಿದ್ದರೆ..." ಎಂದರು ವೈದ್ಯರು.

ಮನೆಗೆ ಕರೆತಂದ ದಿನ ಸರವನ್ನು ಅವಳ ಕೊರಳಿಗೆ ಹಾಕಹೋದೆ. ಅವಳು ಎಡಗೈಯಿಂದ ನನ್ನ ಬೆರಳುಗಳನ್ನು ಅದರ ಮೇಲೆಯೇ ಮಡಚಿ, ಕೈಯನ್ನು ನನ್ನತ್ತ ದೂಡಿದಳು. ಆ ರಾತ್ರಿ ಅದನ್ನು ತಂದು ಕೊಟ್ಟವಳು ಅವಳೇನಾ? ಕೇಳಿದೆ. ಅವಳು ನನ್ನನ್ನೇ ನೋಡಿದಳು, ಬಹಳ ಹೊತ್ತು...

ಅವಳಿಗಾಗಿ ನಿದ್ದೆಗೆಟ್ಟ ವೈದ್ಯರು, ಜೊಹರಾ, ರಾಘವ, ಮರಳುಗಾಡಿನ ದಾರಿಯಲ್ಲಿ ಧಾವಿಸಿ ಬಂದ ಸೊಸೆ, ಎಲ್ಲರೂ ಚೆನ್ನಾಗಿರಲಿ. ಸಾವಿತ್ರಿಗೆ ಮಾತು ಮರಳಲಿ; ಮೊದಲ ಮಾತು ನನಗೆ ಶಾಪವೇ ಆದರೂ ಸರಿ.