ತುಟಿ ಒಂದು ಕಡೆ, ದನಿ ಒಂದು ಕಡೆ

ನಮ್ಮ ಮನೆಯ ಕಂಪ್ಯೂಟರಿಗಿದ್ದ ದೊಡ್ಡ ಕಾಯಿಲೆ ಒಂದೇ. ಅದರೊಳಕ್ಕೆ ವಿಡಿಯೋ ಇಳಿಸಿಕೊಂಡರೆ ಮೊದಲ ಐದು ನಿಮಿಷ ಎಲ್ಲ ಸರಿಯಾಗಿರುತ್ತಿತ್ತು. ಹತ್ತನೆಯ ನಿಮಿಷಕ್ಕೆ ಮಾತು ತುಟಿಗಿಂತ ಸ್ವಲ್ಪ ಹಿಂದೆ ಬೀಳುತ್ತಿತ್ತು. ಅರ್ಧ ಗಂಟೆಯ ಹೊತ್ತಿಗೆ ಪುರೋಹಿತರು ಬಾಯಿ ಮುಚ್ಚಿಕೊಂಡು ಎಲೆಅಡಿಕೆ ಜಗಿಯುತ್ತಿರುವಾಗ ಮಂತ್ರ ಕೇಳಿಸುತ್ತಿತ್ತು. ನೋಡಿದವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಅಷ್ಟು ಹೊತ್ತಿಗೆ ಸಾಕುಸಾಕಾಗಿ ಹೋಗಿರುತ್ತಿತ್ತು.

ಮೈಸೂರಿನ ವಿದ್ಯಾರಣ್ಯಪುರಂನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಆ ಕಂಪ್ಯೂಟರ್ ಇತ್ತು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ತೊಂಬತ್ತರ ದಶಕದ ಕೊನೆಯಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ತಂದು, ಪರಿಚಯದವರ ಕೈಯಲ್ಲಿ ಜೋಡಿಸಿಕೊಂಡಿದ್ದೆ. ಹೆಂಡತಿ ಅದಕ್ಕೆ ಹಳೆಯ ಸೀರೆಯಲ್ಲಿ ಹೊದಿಕೆ ಹೊಲಿದಿದ್ದಳು. ಆಯುಧಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಅದರ ನೆತ್ತಿಯ ಮೇಲೆ ವರ್ಷವಿಡೀ ಇರುತ್ತಿತ್ತು. ಭಾನುವಾರಗಳಲ್ಲಿ ನೆಂಟರ ಮದುವೆ, ನಾಮಕರಣ, ಗೃಹಪ್ರವೇಶಗಳ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಇಳಿಸಿ, ಶುರುವಿನಲ್ಲಿ ಕನ್ನಡದಲ್ಲಿ ಹೆಸರು ಬರೆದು, ಸಿ.ಡಿ. ಮಾಡಿಕೊಡುವುದು ನನ್ನ ಚಟ. ಮೊದಮೊದಲು ಖುಷಿಯಿತ್ತು. ಆಮೇಲೆ ನೆಂಟರು ಚೀಲಗಟ್ಟಲೆ ಕ್ಯಾಸೆಟ್ ತಂದು ಸುರಿಯತೊಡಗಿದರು. ಇಳಿಸುತ್ತಿರುವಾಗ ಅರ್ಧಕ್ಕೆ ಕರೆಂಟು ಹೋಗುವುದು, ಇಲ್ಲದಿದ್ದರೆ ಕಂಪ್ಯೂಟರೇ ಮುನಿಸಿಕೊಂಡು ನಿಂತುಬಿಡುವುದು, ಮತ್ತೆ ಮೊದಲಿನಿಂದ. ಸೋಮವಾರ ಕಚೇರಿಯ ಫೈಲುಗಳ ನಡುವೆ ಕೂತು ಸುಧಾರಿಸಿಕೊಳ್ಳುವ ಸ್ಥಿತಿಗೆ ಬಂದಿದ್ದೆ.

ತುಟಿಗೂ ದನಿಗೂ ಹೊಂದದಿದ್ದರೆ ಬೇರೆ ಮನೆಗಳಲ್ಲಿ ಅಷ್ಟೇನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದು ಸಹಿಸಲಾಗದ ವಿಷಯ, ಏಕೆಂದರೆ ಅವ್ವನಿಗೆ ದನಿ ಇರಲಿಲ್ಲ. ಗಂಟಲಲ್ಲಿ ಗಡ್ಡೆಯಾಗಿದೆ ಎಂದು ಆಪರೇಷನ್ ಮಾಡಿದವರು ದನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜೀವ ಉಳಿಯಿತು, ಮಾತು ಹೋಯಿತು. ಅವ್ವ ಬಾಯಾಡಿಸುತ್ತಿದ್ದಳು, ನಾವು ತುಟಿ ನೋಡಿ ಓದಿಕೊಳ್ಳುತ್ತಿದ್ದೆವು. ಕಾಫಿಗೆ ಸಕ್ಕರೆ ಕಡಿಮೆಯಾಯಿತು ಎನ್ನುವುದರಿಂದ ಹಿಡಿದು ಪಕ್ಕದ ಮನೆಯವರ ಮೇಲಿನ ಚಾಡಿಯವರೆಗೆ ಎಲ್ಲವೂ ತುಟಿಯಲ್ಲೇ. ಹೀಗೆ ದಿನವಿಡೀ ತುಟಿಯನ್ನೇ ನೋಡಿ ಬದುಕುವವನಿಗೆ ಪರದೆಯ ಮೇಲೆ ತುಟಿ ಒಂದು ಹೇಳಿ ದನಿ ಇನ್ನೊಂದು ಹೇಳಿದರೆ ತಲೆ ಸಿಡಿಯುತ್ತದೆ.

ಆ ಅವ್ವ ಒಂದು ಕಾಲಕ್ಕೆ ಸೋಬಾನೆ ಪದಕ್ಕೆ ಹೆಸರಾದವಳು. ನಮ್ಮದು ಬೇಸಾಯದ ಮನೆತನ. ಅಪ್ಪ ಹೊಲ ಬಿಟ್ಟು ಮೈಸೂರಿಗೆ ಬಂದು ಸೇರಿದ ಮೇಲೂ ಸುತ್ತಲಿನ ಊರುಗಳ ಮದುವೆಗಳಿಗೆ ಅವ್ವನನ್ನು ಕರೆದೊಯ್ಯಲು ಜನ ಬರುತ್ತಿದ್ದರು. ಅರಿಶಿನ ಹಚ್ಚುವಾಗ ಒಂದು ಪದ, ಧಾರೆಗೆ ಒಂದು ಪದ. ಕೊನೆಗೆ ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸುವಾಗ ಹಾಡುವ ಪದವಂತೂ ಅವ್ವನ ಬಾಯಲ್ಲೇ ಆಗಬೇಕು. ಅದು ಮುಗಿಯುವಷ್ಟರಲ್ಲಿ ಗಂಡಿನ ಕಡೆಯವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಆ ಪದವನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡುವ ಅಗತ್ಯ ಬೀಳಬಹುದೆಂದು ನಮಗೆ ಹೊಳೆಯಲೇ ಇಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದಾಗ ಬನ್ನಿಮಂಟಪದಲ್ಲಿದ್ದ ನನ್ನ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಅಕ್ಕ ಬಂದು ನಡುಮನೆಯಲ್ಲಿ ಕೂತವಳೇ ಕೇಳಿದ್ದು ಒಂದೇ ಮಾತು.

"ಹೆಣ್ಣು ಒಪ್ಸೋವಾಗ ಅವ್ವುನ್ ಪದ ಕೇಳಿಸ್ಬೇಕು ಕಣೋ. ನಂಗೆ ಮೊದಲ ಎರಡು ಸಾಲು ಬಿಟ್ರೆ ನೆಪ್ಪಿಲ್ಲ. ತುಟಿ ನೋಡಿ ಮಾತು ಬರ್ಕೊಬೋದು, ರಾಗ ಎಲ್ಲಿಂದ ತರೋದು? ತಂಗಿ ಮದುವೇಲಿ ವಿಡಿಯೋ ತೆಗ್ಸಿದ್ದೆಯಲ್ಲ, ಅದ್ರಲ್ಲಿರ್ತದೆ. ತಗ್ದುಕೊಟ್ಬುಡು."

ಅವ್ವ ಬಾಗಿಲ ಪಕ್ಕ ಸೊಪ್ಪು ಬಿಡಿಸುತ್ತಿದ್ದಳು. ಅವಳ ಕೈ ನಿಂತದ್ದನ್ನು ನಾನು ನೋಡಿದೆ. ತೆಗೆದುಕೊಡ್ತೀನಿ ಬಿಡು ಎಂದು ಅಕ್ಕನಿಗೆ ಮಾತು ಕೊಟ್ಟುಬಿಟ್ಟೆ.

ತಂಗಿಯ ಮದುವೆ ಆದದ್ದು ತೊಂಬತ್ತರ ದಶಕದ ನಡುವೆ. ಆಗಿನ ಮದುವೆ ವಿಡಿಯೋ ನೋಡಿದವರಿಗೆ ಅದರ ಪದ್ಧತಿ ಗೊತ್ತಿರುತ್ತದೆ. ಮಂಟಪದಲ್ಲಿ ಕೇಳಿದ ದನಿಯನ್ನೆಲ್ಲ ಅಳಿಸಿ, ಆರಂಭದಿಂದ ಕೊನೆಯವರೆಗೆ ಸಿನಿಮಾ ಹಾಡು ಹಾಕುವುದು. ಹೂವು ಅರಳುತ್ತದೆ, ಅದರೊಳಗಿಂದ ಮದುಮಗಳ ಮುಖ ಬರುತ್ತದೆ, ಹಿಂದೆ ಪ್ರೇಮಗೀತೆ. ನಮ್ಮ ಕ್ಯಾಸೆಟ್ಟನ್ನು ಹಾಕಿ ನೋಡಿದೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ಅವ್ವ ಕಾಣುತ್ತಾಳೆ. ತಂಗಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಹಾಡುತ್ತಿದ್ದಾಳೆ. ಕೇಳಿಸುತ್ತಿದ್ದದ್ದು ಮಾತ್ರ ಯಾವುದೋ ನಾಯಕ ನಾಯಕಿಯನ್ನು ಉದ್ಯಾನದಲ್ಲಿ ಕರೆಯುವ ಹಾಡು. ಒಂದೆರಡು ಮಾತು ತುಟಿಯಿಂದ ಓದಿಕೊಂಡೆ. ಅಷ್ಟರಲ್ಲಿ ಚಿತ್ರ ಊಟದ ಪಂಕ್ತಿಗೆ ಹಾರಿತು.

ಇನ್ನೊಂದು ಕ್ಯಾಸೆಟ್ ಇತ್ತು. ಕ್ಯಾಮೆರಾದೊಳಗೆ ಹಾಕಿ ತೆಗೆದ, ಮಂಟಪದ ದನಿ ಹಾಗೇ ಇರುವ ಮೂಲ ಕ್ಯಾಸೆಟ್. ಅದನ್ನು ಕೊಂಡುಕೊಟ್ಟವನು ನಾನೇ ಆದ್ದರಿಂದ ವಿಡಿಯೋದವರು ಕೆಲಸ ಮುಗಿದ ಮೇಲೆ ವಾಪಸ್ಸು ಕೊಟ್ಟಿದ್ದರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಸುರುಳಿಯ ಅಂಚಿಗೆಲ್ಲ ಬಿಳಿ ಬೂಷ್ಟು ಹತ್ತಿತ್ತು.

ಅದನ್ನು ಹಿಡಿದುಕೊಂಡು ಲಕ್ಷ್ಮೀಪುರಂಗೆ ಹೋದೆ. ತಂಗಿಯ ಮದುವೆ ತೆಗೆದವರೇ ಅಲ್ಲಿ ಸ್ಟುಡಿಯೋ ಇಟ್ಟಿದ್ದರು. ಗೋಡೆಗೆ ಹಾಕಿದ್ದ ಬಣ್ಣದ ಬೆಟ್ಟದ ಪರದೆ ಹೋಗಿ, ಮೇಜಿನ ಮೇಲೆ ಒಂದು ಬಿಳಿಯ ಕಂಪ್ಯೂಟರ್ ಬಂದಿತ್ತು. ನನ್ನ ಜಾತಿಯದಲ್ಲ, ಕಚ್ಚಿದ ಸೇಬಿನ ಗುರುತಿರುವ ಆ ಇನ್ನೊಂದು ಜಾತಿಯದು. ಅದರ ಮಿದುಳು ಬೇರೆ, ಭಾಷೆ ಬೇರೆ, ಅದರಲ್ಲಿ ಮಾಡಿದ ಕೆಲಸ ನನ್ನದರಲ್ಲಿ ತೆರೆಯುವುದಿಲ್ಲ, ನನ್ನದು ಅದರಲ್ಲಿ ತೆರೆಯುವುದಿಲ್ಲ. ಅವರು ಒಂದು ನಾಮಕರಣದ ವಿಡಿಯೋ ಹಾಕಿ ತೋರಿಸಿದರು. ಒಂದು ಗಂಟೆ ಕಳೆದ ಜಾಗದಲ್ಲೂ ಅಜ್ಜಿಯ ತುಟಿಯೂ ಜೋಗುಳವೂ ಕೂದಲೆಳೆಯಷ್ಟೂ ಜಾರಿರಲಿಲ್ಲ. ನನಗೆ ಹೊಟ್ಟೆ ಉರಿಯಿತು.

"ಬದಲಾಯಿಸ್ಬುಡಿ ಸಾರ್," ಅಂದರು. "ಈ ಕೆಲಸಕ್ಕೆ ಇದೇ ಸರಿ. ನಿಮ್ಮದ್ರಲ್ಲಿ ಎಷ್ಟು ಒದ್ದಾಡಿದ್ರೂ ಅಂಗೇ."

ಕ್ಯಾಸೆಟ್ ತೋರಿಸಿದೆ. ಅವರು ಮುಚ್ಚಳ ಎತ್ತಿ ನೋಡಿ ನಾಲಿಗೆ ಲೊಚಗುಟ್ಟಿದರು. "ಇದು ಒಂದು ಸಲ ಓಡಿದ್ರೆ ನಿಮ್ ಪುಣ್ಯ ಸಾರ್. ಎರಡನೇ ಸಲ ಓಡಲ್ಲ. ಒಳ್ಳೇ ಮೆಷಿನ್ನಿಗೆ ಹಾಕಿ, ಒಂದೇ ಏಟಿಗೆ ಇಳಿಸ್ಕೊಳಿ. ಬೇಕಾದ್ರೆ ಇಲ್ಲೇ ಬಿಟ್ಟೋಗಿ, ನಾನೇ ಮಾಡ್ಕೊಡ್ತೀನಿ."

ಬಿಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಿಟ್ಟು ಬಂತು. "ಅವತ್ತು ಸಿನಿಮಾ ಹಾಡು ಹಾಕದೆ ಇದ್ದಿದ್ರೆ ಈ ಪಾಡೇ ಇರ್ತಿರಲಿಲ್ಲ" ಎಂದುಬಿಟ್ಟೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ನೀವೇ ಅಲ್ವಾ ಸಾರ್ ಚೀಟಿ ಬರ್ಕೊಟ್ಟಿದ್ದು? ಹೆಂಗಸ್ರ ರಾಗ ಎಲ್ಲ ತೆಗ್ದು ಒಳ್ಳೇ ಹಾಡು ಹಾಕಿ ಅಂದ್ರಿ. ನಾನೇನೋ ಒಂದ್ ಸ್ವಲ್ಪ ಇರ್ಲಿ ಅಂದಿದ್ದೆ."

ಬರೆದುಕೊಟ್ಟಿದ್ದೆ. ರೂಲು ಹಾಳೆಯ ಮೇಲೆ, ಯಾವ ಶಾಸ್ತ್ರಕ್ಕೆ ಯಾವ ಹಾಡು ಎಂದು ಅಂದವಾಗಿ ಬರೆದಿದ್ದೆ. ಗಂಡಿನ ಕಡೆಯವರು ಪೇಟೆಯ ಜನ, ಅವರ ಮುಂದೆ ಹಳ್ಳಿಯ ರಾಗ ಕೇಳಿಸುವುದು ಬೇಡ ಎಂದು ಆಗ ನನಗೆ ನಾಚಿಕೆಯಾಗಿತ್ತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕ್ಯಾಸೆಟ್ ತೊಡೆಯ ಮೇಲಿಟ್ಟುಕೊಂಡು, ಇದನ್ನು ಅವ್ವನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ, ನನ್ನ ಸ್ಟಾಪು ದಾಟಿ ಮುಂದೆ ಹೋಗಿಬಿಟ್ಟೆ.

ಅವ್ವನಿಗೆ ಹೇಳಲಿಲ್ಲ. ಅದರ ಬದಲು ಕಂಪ್ಯೂಟರ್ ಬದಲಾಯಿಸುವ ಚಿಂತೆ ಹಚ್ಚಿಕೊಂಡೆ. ಒಂದೇ ಸಲ ಓಡುವ ಕ್ಯಾಸೆಟ್ಟನ್ನು ನನ್ನ ಹಳೆಯದಕ್ಕೆ ಹಾಕಿ, ಅದು ನಡುವೆ ನಿಂತುಬಿಟ್ಟರೆ? ದನಿ ಜಾರಿದರೆ? ಅವ್ವ ಹಾಡಿದ್ದನ್ನು ಅವ್ವನ ತುಟಿಗೇ ಸರಿಯಾಗಿ ಕೂರಿಸಿ, ಮಂಟಪದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದರೆ ಆ ಚೀಟಿಯ ತಪ್ಪು ತೀರುತ್ತದೆ ಎಂದು ನನಗೆ ನಾನೇ ಅಂದುಕೊಂಡಿದ್ದೆ. ಹಾಗಾದರೆ ಬಿಳಿಯದೇ ಬೇಕು. ಅದನ್ನು ತಂದರೆ ಆರೇಳು ವರ್ಷ ಕೂತು ಮಾಡಿದ್ದೆಲ್ಲ ಮೂಲೆಗೆ. ಹೆಸರುಗಳ ಮೂಲ ಫೈಲನ್ನು ಒಂದು ಸಿ.ಡಿ.ಗೆ ಹಾಕಿಕೊಂಡು ಹೋಗಿ ಸ್ಟುಡಿಯೋದಲ್ಲಿ ಪರೀಕ್ಷೆ ಮಾಡಿದ್ದೆ. ನಾನು ಕನ್ನಡದಲ್ಲಿ ಬರೆದಿದ್ದ ಹೆಸರುಗಳು ಆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಅಡ್ಡಗೀಟು ಎಲ್ಲ ಕಲೆಸಿದ ಚಿತ್ರಾನ್ನವಾಗಿ ಕಂಡವು. ನನ್ನ ಅಕ್ಷರಗಳು ಅದಕ್ಕೆ ಬರುವುದಿಲ್ಲವಂತೆ. ಅವ್ವನ ಪದದ ಕೆಳಗೆ ಕನ್ನಡದಲ್ಲಿ ಸಾಲು ಬರೆಯಲಾಗದಿದ್ದರೆ ಅದನ್ನು ಕಟ್ಟಿಕೊಂಡು ಏನು ಮಾಡಲಿ?

ಕಚೇರಿಯ ರದ್ದಿ ಹಾಳೆಯ ಹಿಂಬದಿಯಲ್ಲಿ ನಡುವೆ ಗೆರೆ ಎಳೆದು, ಈ ಕಡೆ ಬೇಕು, ಆ ಕಡೆ ಬೇಡ ಎಂದು ಬರೆಯುತ್ತ ಹೋದೆ. ಎರಡು ತಿಂಗಳು ಹೋಯಿತು. ಊಟಕ್ಕೆ ಕೂತರೂ ಅದೇ, ನೀರು ಹಿಡಿಯಲು ನಿಂತರೂ ಅದೇ. ಏನೂ ಮಾಡದೆಯೇ ಇಷ್ಟು ದಣಿಯಬಹುದೆಂದು ನನಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

"ತರೋದಾದ್ರೆ ತನ್ನಿ, ಬಿಡೋದಾದ್ರೆ ಬಿಡಿ," ಎಂದಳು ಹೆಂಡತಿ. "ಹೆಣ್ಣು ನೋಡೋಕೆ ಹೋದಾಗ್ಲೂ ನೀವು ಇಷ್ಟು ಯೋಚ್ನೆ ಮಾಡಿರ್ಲಿಲ್ಲ ಕಣ್ರೀ."

ಅವ್ವನೋ, ನಾನು ಹಾಳೆಯ ಮುಂದೆ ಕೂತಾಗ ಕಾಫಿ ತಂದಿಟ್ಟು, ಟಿ.ವಿ. ಮೇಲಿದ್ದ ಆ ಕ್ಯಾಸೆಟ್ಟಿನ ಕಡೆಗೊಮ್ಮೆ ನೋಡಿ ಹೋಗುತ್ತಿದ್ದಳು.

ಮದುವೆಗೆ ಹದಿನೈದು ದಿನ ಉಳಿದಿತ್ತು. ಭಾನುವಾರ ಬೆಳಿಗ್ಗೆ, ಇವತ್ತು ಇತ್ಯರ್ಥ ಮಾಡಿಯೇ ಬರುವುದು ಎಂದು ಲಕ್ಷ್ಮೀಪುರಂಗೆ ಹೋದೆ. ಆ ಕಂಪ್ಯೂಟರನ್ನು ಇನ್ನೊಮ್ಮೆ ನೋಡಿದೆ, ಇನ್ನೊಮ್ಮೆ ಅವವೇ ಪ್ರಶ್ನೆಗಳನ್ನು ಕೇಳಿದೆ. ಸ್ಟುಡಿಯೋದವರು ಅವವೇ ಉತ್ತರಗಳನ್ನು ಆಕಳಿಸುತ್ತ ಕೊಟ್ಟರು. ಮುಂದಿನ ವಾರ ಹೇಳುತ್ತೇನೆ ಎಂದು ಎದ್ದು ಬಂದೆ.

ಮನೆಗೆ ಬಂದರೆ ಅಕ್ಕ ಬಂದಿದ್ದಳು. ಅಕ್ಕ, ಹೆಂಡತಿ, ಅವ್ವ ಮೂವರೂ ಟಿ.ವಿ. ಮುಂದೆ ನೆಲದ ಮೇಲೆ ಕೂತಿದ್ದರು. ಟಿ.ವಿ.ಯ ಸ್ಪೀಕರಿಗೆ ಒತ್ತಿಕೊಂಡು, ಒಂದು ಸ್ಟೂಲಿನ ಮೇಲೆ, ಅಪ್ಪನ ಕಾಲದ ಟೇಪ್ ರೆಕಾರ್ಡರ್ ಇತ್ತು. ವಿ.ಸಿ.ಆರ್.ನ ಬಾಯಿಂದ ಕಪ್ಪು ಸುರುಳಿ ಗುಂಗುರು ಗುಂಗುರಾಗಿ ಹೊರಬಂದು ಅಕ್ಕನ ಮಡಿಲಲ್ಲಿ ಬಿದ್ದಿತ್ತು.

"ಏನು ಮಾಡಿದ್ರಿ?" ಎಂದೆ.

ನಡೆದದ್ದು ಇಷ್ಟು. ಬೂಷ್ಟು ಹಿಡಿದ ಮೆಣಸಿನಕಾಯಿಗೆ ಏನು ಮಾಡುತ್ತಾರೋ ಅದನ್ನೇ ಅಕ್ಕ ಕ್ಯಾಸೆಟ್ಟಿಗೂ ಮಾಡಿದ್ದಳು. ನಾನು ಅತ್ತ ಹೋದ ತಕ್ಷಣ ತಾರಸಿಯ ಮೇಲೆ ಮೊರದಲ್ಲಿಟ್ಟು ಒಂದು ಗಂಟೆ ಬಿಸಿಲಿಗೆ ಹಾಕಿ, ಸೆರಗಿನಲ್ಲಿ ಒರೆಸಿ, ವಿ.ಸಿ.ಆರ್.ಗೆ ತುರುಕಿದ್ದಳು. ಚಿತ್ರ ಬರಲಿಲ್ಲವಂತೆ, ಪರದೆಯ ತುಂಬ ಬರೀ ಬಿಳಿ ಚುಕ್ಕಿ. ಆದರೆ ದನಿ ಬಂತಂತೆ. ಹೆಂಡತಿ ಟೇಪ್ ರೆಕಾರ್ಡರಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದ್ದಳು. ಪದ ಮುಗಿದು ಸ್ವಲ್ಪ ಹೊತ್ತಿಗೆ ಯಂತ್ರ ಸುರುಳಿಯನ್ನು ಜಗಿದು ಹಾಕಿತ್ತು.

ನಾನು ಕೂಗಾಡಿದೆ. ಅವ್ವ ಇಡೀ ಪದ ಹಾಡುತ್ತಿರುವ ಆ ಮುಖ ಇನ್ನು ಈ ಜನ್ಮದಲ್ಲಿ ಸಿಗುವುದಿಲ್ಲ ಎಂದೆ, ಎರಡು ತಿಂಗಳಿಂದ ನಾನು ಯಾಕೆ ಒದ್ದಾಡುತ್ತಿದ್ದೆ ಎಂದುಕೊಂಡಿರಿ ಎಂದೆ, ಮೆಣಸಿನಕಾಯಿಯಾ ಇದು ಎಂದೆ. ಕೂಗಿ ಕೂಗಿ ಕೊನೆಗೆ ಬಾಯಿಗೆ ಬಂದದ್ದು ಬೇರೆಯೇ ಮಾತು. "ಅವತ್ತು ನಿನ್ನ ಪದ ಅಳಿಸಿ ಸಿನಿಮಾ ಹಾಡು ಹಾಕ್ಸಿದ್ದು ನಾನೇ ಕಣವ್ವ. ಅದನ್ನ ಸರಿ ಮಾಡೋಣ ಅಂತಿದ್ದೆ."

ಅವ್ವ ನನ್ನ ಕಡೆ ನೋಡಿ ತುಟಿ ಆಡಿಸಿದಳು. ನಂಗೊತ್ತು, ಅಂದಳು. ಆಮೇಲೆ ಹೆಂಡತಿಯ ಕಡೆ ತಿರುಗಿ ಕೈಸನ್ನೆ ಮಾಡಿದಳು. ಹೆಂಡತಿ ಟೇಪನ್ನು ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದಳು.

ಮೊದಲು ಬರೀ ಗೊರಗೊರ. ಆಮೇಲೆ ಮಂಟಪದ ಗದ್ದಲ, ಯಾರೋ ಪಂಕ್ತಿಗೆ ಕರೆಯುವುದು. ಅದರ ಮೇಲೆ ಅವ್ವನ ದನಿ ಎದ್ದಿತು. ಸ್ವಲ್ಪ ಒಡಕು, ಸ್ವಲ್ಪ ಮೂಗಿನದು, ನಾನು ನಾಚಿಕೊಂಡಿದ್ದ ಅದೇ ರಾಗ. ನಡುವೆ ನಮ್ಮ ಅಡುಗೆಮನೆಯ ಕುಕ್ಕರ್ ಎರಡು ಸಲ ಕೂಗಿದ್ದೂ ಅದರೊಳಗೆ ಸೇರಿಕೊಂಡಿತ್ತು. ಮುಂದೆ ಮದುವೆಯಲ್ಲಿ ಇದನ್ನೇ ಹಾಕಿದಾಗ, ಹೆಣ್ಣು ಒಪ್ಪಿಸಿ ಅಳುತ್ತಿದ್ದವರೆಲ್ಲ ಆ ಕೂಗಿಗೆ ನಕ್ಕು ಮತ್ತೆ ಅತ್ತರು. ನಾನು ಕಂಪ್ಯೂಟರ್ ಬದಲಾಯಿಸಲಿಲ್ಲ. ಬದಲಾಯಿಸುವುದಿಲ್ಲ ಎಂದೂ ತೀರ್ಮಾನಿಸಲಿಲ್ಲ, ಆ ಹಾಳೆ ಎಲ್ಲಿ ಹೋಯಿತೋ ಹುಡುಕಲಿಲ್ಲ.

ಆದರೆ ಅವತ್ತು ನಾನು ಟೇಪ್ ರೆಕಾರ್ಡರನ್ನು ನೋಡುತ್ತ ನಿಂತಿದ್ದೆ. ಹೆಂಡತಿ ನನ್ನ ತೋಳು ತಟ್ಟಿ ಅವ್ವನ ಕಡೆ ತೋರಿಸಿದಳು. ಅವ್ವ ಅಕ್ಕನ ಬೆನ್ನ ಮೇಲೆ ಕೈಯಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು, ತುಟಿ ಆಡಿಸುತ್ತಿದ್ದಳು. ದನಿ ಎಳೆದ ಕಡೆ ತುಟಿ ನಿಂತಿತು, ದನಿ ಉಸಿರು ತೆಗೆದುಕೊಂಡ ಕಡೆ ಎದೆ ಏರಿತು. ಪದ ಕೊನೆಗೆ ಬರುವವರೆಗೂ ನಾನು ಜಾರುವುದನ್ನೇ ಕಾದೆ. ಎಲ್ಲೂ ಜಾರಲಿಲ್ಲ.

ಟೇಪು ಖಟ್ಟೆಂದು ನಿಂತಿತು. ಅವ್ವ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಅವಳ ತುಟಿಯ ಮೇಲಿನ ಮಾತು ಓದಿಕೊಳ್ಳಲು ನನಗೆ ಕಷ್ಟವಾಗಲಿಲ್ಲ.

ಹೊಂದ್ತಾ ಮಗ, ಅಂದಳು.