ನಡುವೆ ನಿಂತು ಹೇಳಿದವನು

ಎಪ್ಪತ್ತರ ದಶಕದ ಮಾತು. ಅಕ್ಕನ ಕಫದ ಪರೀಕ್ಷೆಯ ಫಲ ತಿಳಿಯಲು ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಮಧ್ಯಾಹ್ನದಿಂದ ಕಾದು ಕೂತಿದ್ದೆ. ನಮ್ಮ ಓಣಿಗೆಲ್ಲ ಇದ್ದದ್ದು ಆ ಅಂಗಡಿಯ ಫೋನೊಂದೇ. ಬಾಗಲಕೋಟೆಯ ದವಾಖಾನೆಯಲ್ಲಿ ಕೆಲಸಕ್ಕಿದ್ದ ಸೋದರಮಾವ ಟ್ರಂಕ್ ಕಾಲ್ ಮಾಡುತ್ತೇನೆಂದಿದ್ದ. ಅಕ್ಕನ ಮದುವೆ ಗೊತ್ತಾಗಿತ್ತು. ರೋಗವಿದ್ದರೆ ಅಪ್ಪ ತಾನೇ ಬೀಗರ ಮನೆಗೆ ಹೋಗಿ, ಗುಣವಾಗುವ ತನಕ ತಡೆಯಿರಿ ಎಂದು ಕೈಮುಗಿಯುವವನಿದ್ದ. ಆ ಮಾತು ಮೊದಲು ಅಪ್ಪನ ಬಾಯಿಂದಲೇ ಹೋಗಬೇಕಿತ್ತು.

ಸಂಜೆ ಫೋನು ಬಂತು. ಮಾವನ ದನಿ ಬಾವಿಯ ತಳದಿಂದ ಬಂದಂತಿತ್ತು. ನಡುದಾರಿಯ ಊರೊಂದರ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ವೈರು ಸಿಕ್ಕಿಸಿ ನಮ್ಮಿಬ್ಬರನ್ನೂ ಕೂಡಿಸಿದ್ದ. ಬೀಗರ ಊರೂ ಅದೇ. ಹೇಳಬೇಡ ಮಾವ, ನಾಳೆ ಬಸ್ಸಿಗೆ ನಾನೇ ಬರುತ್ತೇನೆ ಎಂದು ಅರಚಿದೆ. ಮಾವನಿಗೆ ಕೇಳಿಸಲಿಲ್ಲ. ಆಪರೇಟರನಿಗೆ ಕೇಳಿಸಿತು.

“ಬಸ್ಸಿಗೆ ಯಾಕ ಹೋಗ್ತೀರಿ? ನನಗ ಇಬ್ರದೂ ಸ್ವಚ್ಛ ಕೇಳ್ತೈತಿ. ತಡೀರಿ, ನಾ ಕೇಳಿ ಹೇಳ್ತೇನಿ,” ಎಂದ.

ಲೈನು ಕೆಟ್ಟಾಗ ನಡುವಿನವರು ಹೀಗೆ ಎರಡೂ ಕಡೆಗೆ ಕೂಗಿ ಹೇಳುವುದು ಆಗ ಉಪಕಾರವೇ. “ಹುಡುಗಿಗೆ ಟೀಬಿ ಐತಂತ್ರಿ” ಎಂಬುದನ್ನು ಅವನು ಎರಡು ಸಲ ಕೂಗಿದ. ಅವನ ಕೋಣೆಯಲ್ಲಿ ಯಾರ್ಯಾರು ಕೂತಿದ್ದರೋ ದೇವರಿಗೇ ಗೊತ್ತು. ಟೆಲಿಗ್ರಾಂ ಕೊಟ್ಟಿದ್ದರೂ ಅದೇ ಗತಿ. ಅದನ್ನೂ ಇದೇ ಫೋನಿನಲ್ಲಿ ಓದಿ ಹೇಳುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನದು ತಪ್ಪಲ್ಲವೆಂದು ಗೊತ್ತಿದ್ದೂ ಇದೆ.

ಮರುದಿನ ಅಪ್ಪ ಹೊರಡುವ ಮೊದಲೇ ಬೀಗರ ಕಡೆಯ ಹಿರಿಯರೊಬ್ಬರು ಬಂದರು. ಅಕ್ಕ ತಂಬಿಗೆಯಲ್ಲಿ ನೀರು ತಂದಿಟ್ಟಳು. ಅವರು ಮುಟ್ಟಲಿಲ್ಲ. ಅಕ್ಕನಿಗೆ ನಾವಿನ್ನೂ ಏನೂ ಹೇಳಿರಲಿಲ್ಲ. ಆ ತಂಬಿಗೆ ನೋಡಿಯೇ ತಿಳಿದುಕೊಂಡಳು.

ಗುಳಿಗೆ ನುಂಗಿ ನುಂಗಿ ರೋಗವೇನೋ ಹೋಯಿತು. ಆದರೆ ಸುದ್ದಿ ಅಷ್ಟರಲ್ಲಿ ಎಲ್ಲೆಲ್ಲೋ ಮುಟ್ಟಿತ್ತು. ಆ ಸಂಬಂಧ ಮುರಿದ ಮೇಲೆ ಬಾದಾಮಿ ಕಡೆಯ ಗಂಡೊಂದು ಒಪ್ಪಿದಂತೆ ಮಾಡಿ ಹಿಂದೆ ಸರಿಯಿತು. ಆಮೇಲೆ ಯಾರೂ ಬರಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಮ್ಮ ಮನೆಗೂ ಫೋನು ಬಂತು. ಈಗ ನಡುವೆ ಮನುಷ್ಯರೇ ಇಲ್ಲ, ಎಲ್ಲ ಯಂತ್ರ, ಯಾರೂ ಕದ್ದು ಕೇಳುವಂತಿಲ್ಲ ಎಂದು ಲೈನ್‌ಮನ್ ಹೆಮ್ಮೆಯಿಂದ ಹೇಳಿ ರಿಸೀವರನ್ನು ಅಕ್ಕನತ್ತ ಚಾಚಿದ. ಅಕ್ಕ ಕೈಗೆ ತೆಗೆದುಕೊಳ್ಳಲಿಲ್ಲ.

“ಕಳವಾದ ಮ್ಯಾಲ ಈಗ ಯಾಕ್ರಿ ಕೀಲಿ ಹಾಕೂದು,” ಎಂದಳು. “ಮನ್ಯಾಗ ಏನ್ ಉಳದೈತಿ?”