ಬಾಯಿಗೆ ಬಾರದ ಪದ

"ಮರಳುಗಾಡಿನಲ್ಲಿ ಕಾಣುವ ಸುಳ್ಳು ನೀರು, ನಾಲ್ಕು ಅಕ್ಷರ," ಎಂದು ಓದಿದೆ.

"ಸೌಟು," ಅಂದರು ನನ್ನ ಗಂಡ.

ನಕ್ಕೆ. ಇವರು ಕುಣಿಗಲ್‌ನ ತಮ್ಮ ಮೋಟರ್ ರಿಪೇರಿ ಅಂಗಡಿಗೆ, ನಾನು ಅಮೃತೂರಿನ ಶಾಲೆಗೆ ಹೊರಡುವ ಮುನ್ನ ಕಾಫಿ ಕುಡಿಯುತ್ತಾ ಪೇಪರಿನ ಪದಬಂಧ ತುಂಬಿಸುವುದು ಮದುವೆಯಾದಾಗಿನಿಂದ ಬಂದ ರೂಢಿ. ನಾನು ಓದುವುದು, ಅವರು ಬರೆಯುವುದು. ನನ್ನನ್ನು ರೇಗಿಸಲು ಬೇಕೆಂದೇ ತಪ್ಪು ಹೇಳುವುದೂ ಇತ್ತು. ಸಿಗದ ಪದಕ್ಕೆ ನಾನು ಹಟ ಹಿಡಿದರೆ "ಇರ್ಲಿ ಬುಡು" ಎಂದು ಪೇಪರ್ ಮಡಚುತ್ತಿದ್ದವರೂ ಅವರೇ.

"ರೀ, ಮರೀಚಿಕೆ ಅಲ್ವಾ?"

"ಸೌಟು." ಪೆನ್ನು ಕೈಯಿಂದ ಜಾರಿತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಸ್ಟ್ರೋಕ್.

ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿಗೆ ಓಡಿದೆವು. ಸ್ಕ್ಯಾನ್, ಇಂಜೆಕ್ಷನ್, ಐಸಿಯು. ಜೀವ ಉಳಿಯಿತು. ಬಲಗೈ ಸೋತಿತ್ತು. ಮಾತು ಹೋಗಿತ್ತು.

"ಇದನ್ನ ಅಫೇಸಿಯಾ ಅಂತೀವಮ್ಮ," ಎಂದರು ಡಾಕ್ಟರು. "ನೀವು ಹೇಳೋದು ಅವರಿಗೆ ಬಹುಮಟ್ಟಿಗೆ ಅರ್ಥ ಆಗುತ್ತೆ. ತಾವು ಹೇಳೋಕೆ ಹೋದ್ರೆ ಪದ ಸಿಗಲ್ಲ."

"ವಾಪಸ್ ಬರುತ್ತಾ ಸಾರ್?"

"ಸ್ವಲ್ಪ ಸ್ವಲ್ಪ ಬರಬಹುದು. ಎಷ್ಟು ಅಂತ ಈಗ ಹೇಳಕ್ಕಾಗಲ್ಲ."

ಮನೆಗೆ ಬಂದ ಮೇಲೆ ಶಾಲೆಗೆ ರಜೆ ಹಾಕಿದೆ. ಸ್ನಾನ, ಮಾತ್ರೆ, ಫಿಸಿಯೋ, ಸ್ಪೀಚ್ ಥೆರಪಿಗೆಂದು ಮತ್ತೆ ತುಮಕೂರಿನ ಬಸ್ಸು. ನೀರು ಬೇಕಾದರೆ "ಬೀಗ" ಎನ್ನುವರು. ನಾನು ಲೋಟ, ತಟ್ಟೆ, ಕನ್ನಡಕ ಎಲ್ಲವನ್ನೂ ತಂದು ತೋರಿಸುವಷ್ಟರಲ್ಲಿ ಸಿಟ್ಟಾಗಿ ಗೋಡೆಯ ಕಡೆ ಹೊರಳುವರು. ಸುಸ್ತು ನನ್ನ ಮೂಳೆಗೆ ಇಳಿದಿತ್ತು.

ಒಂದು ಬೆಳಿಗ್ಗೆ ಖುಷಿಯಾದೀತೆಂದು ಪದಬಂಧ ಮುಂದಿಟ್ಟೆ. ಎಡಗೈಯಲ್ಲಿ ಪೇಪರನ್ನು ತಳ್ಳಿ ಅತ್ತರು.

ಅವರು ಅತ್ತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಮೇಲೆ ಅವರೆದುರು ಪೇಪರ್ ಬಿಚ್ಚಲಿಲ್ಲ. ಅವರು ಮಲಗಿದಾಗ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಒಬ್ಬಳೇ ತುಂಬಿಸುತ್ತಿದ್ದೆ. ಅಷ್ಟು ಹೊತ್ತು ಯಾರ ಬಾಯಿಗೂ ತುತ್ತಿಡಬೇಕಿರಲಿಲ್ಲ. ಒಂದು ಪದ ಸಿಕ್ಕರೆ ಸಾಕು, ಉಸಿರು ಹಗುರಾಗುತ್ತಿತ್ತು.

ಗುಬ್ಬಿಯಿಂದ ಅಣ್ಣನನ್ನು ನೋಡಲು ಬಂದ ನಾದಿನಿ ಅದನ್ನು ಕಂಡಳು.

"ಅಣ್ಣ ಮಾತಿಲ್ದೆ ಬಿದ್ದವ್ನೆ, ನಿಮಗೆ ಪದಬಂಧ ಬೇಕಾ ಅತ್ತಿಗೆ?"

ನಾಚಿಕೆಯಾಯಿತು. ಸಿಟ್ಟೂ ಬಂತು, ಅದು ಯಾರ ಮೇಲೆ ಎಂದು ತಿಳಿಯಲಿಲ್ಲ.

ಒಳಗೆ ಮಂಚ ಕಿರುಗುಟ್ಟಿತು. ಇವರಿಗೆ ಎಚ್ಚರವಾಗಿ ಎಲ್ಲ ಕೇಳಿಸಿತ್ತು. ಗೋಡೆ ಹಿಡಿದು ಹಿತ್ತಲ ಬಾಗಿಲಿಗೆ ಬಂದು, ತಂಗಿಗೆ ಸುಮ್ಮನಿರೆಂದು ಕೈಸನ್ನೆ ಮಾಡಿದರು. ನಾನು ಕುರ್ಚಿ ತಂದು ಹಾಕಿದೆ. ಕೂತು, ನನ್ನ ಕೈಯಲ್ಲಿದ್ದ ಪೇಪರನ್ನು ತಮ್ಮ ತೊಡೆಗೆ ಎಳೆದುಕೊಂಡರು.

"ಅಡವಿ, ಮೂರಕ್ಷರ" ಎಂಬಲ್ಲಿ ನಾನು 'ಕಾನನ' ಎಂದು ಬರೆದಿದ್ದೆ. ಅದರ ಮೇಲೆ ಬೆರಳಿಟ್ಟರು. ಬಹಳ ಹೊತ್ತು ತುಟಿ ಅಲುಗಿತು.

"ಅಲ್ಲ."

"ಮತ್ತೇನ್ರೀ? ವಿಪಿನ?"

ತಲೆಯಾಡಿಸಿದರು. ಅಲ್ಲ.

"ಅರಣ್ಯ?"

ಹೂಂಗುಟ್ಟಿದರು. ಬೆರಳು ಕೆಳಗಿನ ಸುಳಿವಿಗೆ ಜಾರಿತು: ಚಿನ್ನದ ಕೆಲಸದವನು, ಐದಕ್ಷರ. ಅಕ್ಕಸಾಲಿಗ. ಎರಡೂ ಪದ ಒಂದೇ ಚೌಕದಿಂದ ಶುರುವಾಗುತ್ತಿದ್ದವು; ಮೊದಲ ಅಕ್ಷರ 'ಅ' ಆಗಲೇಬೇಕಿತ್ತು, ನಾನೇ ಗಮನಿಸಿರಲಿಲ್ಲ.

ಅಂದರೆ ಪದಗಳೆಲ್ಲ ಅವರೊಳಗೇ ಇದ್ದವು.

ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಾಫಿ ಇಡ್ತೀನಿ ತಾಳಿ ಅತ್ತಿಗೆ" ಎಂದು ಒಳಗೆ ಹೋದಳು.

ಈಗ ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಅಂಗಡಿ ಇನ್ನೂ ತೆರೆದಿಲ್ಲ. ಥೆರಪಿ ನಡೆದಿದೆ, ನನ್ನ ಆಯಾಸ ಪೂರ್ತಿ ಹೋಗಿಲ್ಲ, ಅವರ ಮಾತು ಒಂದು ದಿನ ಬರುತ್ತದೆ, ಮರುದಿನ ಕೈಕೊಡುತ್ತದೆ. ಬೆಳಿಗ್ಗೆ ನಾನು ಪದ ಹೇಳುತ್ತೇನೆ. ಹೌದೋ ಅಲ್ಲವೋ ಎನ್ನುವುದು ಅವರ ಕೆಲಸ. ಮೊನ್ನೆ ಪದಬಂಧದ ಕೆಲವು ಚೌಕ ತುಂಬಲೇ ಇಲ್ಲ. ಬಸ್ಸಿಗೆ ಹೊತ್ತಾಗುತ್ತಿದ್ದರೂ ನಾನು ಹಟಕ್ಕೆ ಬಿದ್ದು ತಡಕಾಡುತ್ತಿದ್ದೆ.

ಇವರು ಪೇಪರ್ ಮಡಚಿ ಪಕ್ಕಕ್ಕಿಟ್ಟರು.

"ಇರ್ಲಿ ಬುಡು," ಅಂದರು. ಸ್ಪಷ್ಟವಾಗಿ, ಮೊದಲು ಅನ್ನುತ್ತಿದ್ದ ಹಾಗೆಯೇ.